ಡೇರೆ ಗೆಡ್ಡೆಗೆ ಕಣ್ಣು ಎಲ್ಲಿದೆ?

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರು ಎಲ್ಲಿ ಸೇರಿದರೂ ಒಂದು ಮಾತು ಬಂದೇ ಬರುತ್ತದೆ: "ನಿಮ್ಮಲ್ಲಿ ಡೇರೆ ಚಿಗುರಿತಾ?" ಪುಸ್ತಕದಲ್ಲಿ ಡೇಲಿಯಾ ಎಂದು ಬರೆಯುವ ಹೂವು ನಮ್ಮ ಅಂಗಳದಲ್ಲಿ ಡೇರೆ. ಮೇ ಕೊನೆಗೋ ಜೂನ್ ಮೊದಲಿಗೋ ನೆಟ್ಟರೆ ಆಗಸ್ಟ್‌ನಿಂದ ಹೂ ಶುರು. ಚೌತಿಗೂ ಆಗುತ್ತದೆ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳ ಬುಟ್ಟಿಗೂ ಆಗುತ್ತದೆ, ನವರಾತ್ರಿಗೂ ಉಳಿಯುತ್ತದೆ. ಹೊರಗೆ ಜಡಿಮಳೆ, ಒಳಗೆ ಒದ್ದೆ ಬಟ್ಟೆಯ ವಾಸನೆ ಇರುವ ದಿನಗಳಲ್ಲಿ ಅಂಗಳಕ್ಕೆ ಬಣ್ಣ ಕೊಡುವುದು ಇದೊಂದೇ ಎಂದರೂ ನಡೆದೀತು.

ಆದರೆ ಈಚೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ. "ಬಿಳಿ ಅಂಚಿನ ಕೆಂಪು ಡೇರೆ ಇತ್ತು ಮಾರಾಯ್ತಿ, ಎರಡು ವರ್ಷ ಆಯ್ತು, ಕಾಣ್ತಾ ಇಲ್ಲ." ಪೇಟೆಯ ನರ್ಸರಿಗೆ ಹೋಗಿ ಕೇಳಿದರೆ ಬೇರೆಯದೇ ಗಿಡ ಕೊಡುತ್ತಾರೆ. ಪ್ಲಾಸ್ಟಿಕ್ ಕುಂಡದ ಗಿಡ್ಡ ಗಿಡ, ಚಂದವೇನೋ ಹೌದು, ಅಜ್ಜಿ ಬೆಳೆಸಿದ ಹೂ ಅದಲ್ಲ. ಡೇರೆ ಹೇಗೆ ಕಳೆದುಹೋಗುತ್ತದೆ, ಹೇಗೆ ಉಳಿಸಿಕೊಳ್ಳಬೇಕು ಎನ್ನುವುದೇ ಈ ಸಲದ ಪಾಠ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಡೇರೆಯ ಬೀಜ ಬಿತ್ತಿದರೆ ತಾಯಿಯ ಹಾಗಿರುವ ಹೂ ಬರುವುದಿಲ್ಲ. ಕೆಂಪಿನ ಬೀಜದಲ್ಲಿ ಹಳದಿ ಬಂದೀತು, ದೊಡ್ಡ ಹೂವಿನ ಬೀಜದಲ್ಲಿ ಒಂದೇ ಸುತ್ತಿನ ಎಸಳಿನದು ಬಂದೀತು. ಗೌರಿ ಹೂ, ಚೆಂಡು ಹೂವಿನ ಹಾಗೆ ಬೀಜ ಕಟ್ಟಿಟ್ಟು ನಿಶ್ಚಿಂತೆಯಾಗಿರಲು ಆಗದು. ಒಂದು ಬಗೆಯ ಡೇರೆ ಮುಂದಿನ ವರ್ಷ ಅದೇ ಡೇರೆಯಾಗಿ ಬರಬೇಕಾದರೆ ಅದರ ಗೆಡ್ಡೆ ಉಳಿಯಬೇಕು, ಇಲ್ಲವೇ ಕುಡಿ ಬೇರು ಬಿಡಬೇಕು. ನಿಮ್ಮ ಮನೆಯಲ್ಲಿ ಗೆಡ್ಡೆ ಕೊಳೆತರೆ ಆ ಬಗೆ ಸಿಗುವುದು ನೀವು ಹಿಂದೆ ಯಾರಿಗೆ ಕೊಟ್ಟಿದ್ದಿರೋ ಅವರ ಮನೆಯಲ್ಲಿ ಮಾತ್ರ. ಯಾರಿಗೂ ಕೊಡದೆ ಮುಚ್ಚಿಟ್ಟಿದ್ದರೆ ಅಲ್ಲಿಗೆ ಮುಗಿಯಿತು.

ಹೂವೇನೂ ನಮ್ಮದಲ್ಲ, ದೂರದ ಮೆಕ್ಸಿಕೋ ದೇಶದ್ದು. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯತೋಟಕ್ಕೆ ಹೋಯಿತು. 1791ರಲ್ಲಿ ಅಲ್ಲಿನ ಪಾದ್ರಿ ಹಾಗೂ ಸಸ್ಯಶಾಸ್ತ್ರಜ್ಞ ಕವನೀಯೆಸ್ ಅವರು, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಈ ಹೆಸರಿಟ್ಟರು. 1963ರಲ್ಲಿ ಮೆಕ್ಸಿಕೋ ಇದನ್ನು ರಾಷ್ಟ್ರೀಯ ಹೂವೆಂದು ಸಾರಿತು. ಅದು ತಂಪು ಗುಡ್ಡಗಳ ಗಿಡ. ಮಳೆಗಾಲದಲ್ಲಿ ಬೆಳೆದು, ಒಣ ಕಾಲದಲ್ಲಿ ಮಣ್ಣಿನಡಿ ಮಲಗುವುದು ಅದರ ಹುಟ್ಟುಗುಣ. ನಮ್ಮಲ್ಲಿ ಚೆನ್ನಾಗಿ ಹೊಂದಿಕೊಂಡದ್ದು ಅದಕ್ಕೇ. ಹೊಂದದೆ ಇರುವುದು ಒಂದೇ: ಬುಡದಲ್ಲಿ ನಿಂತ ನೀರು.

ಹೊಂಡ ಬೇಡ, ದಿಬ್ಬ ಬೇಕು

ಹೊನ್ನೆಮರಡಿನ ಕಡೆಯ ನೆಲವನ್ನೇ ನೋಡಿ. ಹೆಸರಿನಲ್ಲೇ ಮರಡು ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ ಹೊಳೆಬದಿಯ ಗದ್ದೆ, ತೋಟ, ಹಿತ್ತಿಲು ನೀರಿನಡಿ ಹೋದವು. ಎತ್ತರದಲ್ಲಿ ಮನೆ ಕಟ್ಟಿಕೊಂಡವರಿಗೆ ಸಿಕ್ಕಿದ್ದು ಹೆಚ್ಚಾಗಿ ಜಂಬಿಟ್ಟಿಗೆಯ ಗಟ್ಟಿ ನೆಲ. ಇಂಥ ನೆಲದಲ್ಲಿ ಹಾರೆ ಹಾಕಿ ಒಂದಡಿ ಹೊಂಡ ತೆಗೆದು, ಒಳ್ಳೆ ಗೊಬ್ಬರ ತುಂಬಿ ಡೇರೆ ನೆಟ್ಟರೆ ಏನಾಗುತ್ತದೆ? ಸುತ್ತ ಕಲ್ಲು, ನಡುವೆ ಮೆತ್ತನೆ ಮಣ್ಣು. ಹೊಂಡ ಬಟ್ಟಲಾಗುತ್ತದೆ. ಜುಲೈ ಮಳೆಯ ನೀರೆಲ್ಲ ಅಲ್ಲಿಗೇ ಇಳಿದು ಗೆಡ್ಡೆ ಕೊಳೆಯುತ್ತದೆ. ಮೇಲೆ ಗಿಡ ಬಾಡಿದಾಗ ನೀರು ಸಾಲದಾಯ್ತೇನೋ ಅಂದುಕೊಂಡು ಮತ್ತೆ ನೀರು ಹಾಕುವವರೂ ಇದ್ದಾರೆ!

ಆದ್ದರಿಂದ ನೆಲವನ್ನು ಗುದ್ದಲಿಯಲ್ಲಿ ಸ್ವಲ್ಪ ಕೆದಕಿ, ಅದರ ಮೇಲೆ ಮಣ್ಣು ಏರಿಸಿ. ಮುಕ್ಕಾಲು ಅಡಿಯಿಂದ ಒಂದಡಿ ಎತ್ತರದ ದಿಬ್ಬ ಸಾಕು. ಬದಿಗೆ ಹಳೆಯ ಹೆಂಚೋ ಕಲ್ಲೋ ಕೊಟ್ಟರೆ ಜಾರುವುದಿಲ್ಲ. ಎರಡು ಬುಟ್ಟಿ ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಬುಟ್ಟಿ ಮರಳು ಅಥವಾ ಸುಡುಮಣ್ಣು. ನಮ್ಮ ಮಣ್ಣು ಹುಳಿ ಜಾಸ್ತಿ. ನೆಡುವುದಕ್ಕೆ ಎರಡು ಮೂರು ವಾರ ಮೊದಲೇ ದಿಬ್ಬಕ್ಕೆ ಒಂದು ಹಿಡಿ ಸುಣ್ಣದ ಪುಡಿ ಬೆರೆಸಿಡಿ. ಗೊಬ್ಬರ ಹಾಕುವ ದಿನವೇ ಸುಣ್ಣ ಹಾಕಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ಯೂರಿಯಾದ ಆಸೆ ಬೇಡ. ಎಲೆ ದಂಡಿಯಾಗಿ ಬಂದು ಹೂ ಕಡಿಮೆಯಾಗುತ್ತದೆ. ಗೆಡ್ಡೆಯೂ ನೀರುನೀರಾಗಿ, ಇಟ್ಟರೆ ಉಳಿಯುವುದಿಲ್ಲ.

ಮಳೆ ಎಲ್ಲಾ ಕಡೆ ಒಂದೇ ಅಲ್ಲ. ಆನಂದಪುರದ ಕಡೆಯವರಿಗೆ ನೆಲದಲ್ಲೇ ನಡೆದೀತು. ಹುಲಿಕಲ್, ಮಾಸ್ತಿಕಟ್ಟೆ, ಆಗುಂಬೆಯ ಕಡೆಯವರು ಚೀಲದಲ್ಲಿ ಬೆಳೆಸುವುದೇ ಕ್ಷೇಮ. ಗೊಬ್ಬರದ ಖಾಲಿ ಚೀಲವನ್ನು ತೊಳೆದು ಅರ್ಧಕ್ಕೆ ಮಡಚಿ, ಅಡಿಯಲ್ಲಿ ಏಳೆಂಟು ತೂತು ಹಾಕಿ, ಎರಡು ಕಲ್ಲಿನ ಮೇಲೆ ಇಡಿ. ಮಳೆ ಕಡು ಆದಾಗ ಜಗುಲಿಯ ಅಂಚಿಗೆ ಎಳೆದುಕೊಳ್ಳಬಹುದು. ಸೂರಿನ ನೀರು ನೇರ ಬೀಳದ ಹಾಗೆ ನೋಡಿ. 2019ರ ಆಗಸ್ಟ್ ಮಳೆ ಯಾರಿಗೆ ಮರೆತಿದೆ? ಅಂಥ ಮಳೆಗೆ ನೆಲದ ಗೆಡ್ಡೆ ತಡೆಯುವುದು ಕಷ್ಟ. ಅದಕ್ಕೇ ಪ್ರತಿ ಬಗೆಯದೂ ಒಂದಾದರೂ ಚೀಲದಲ್ಲಿರಲಿ.

ಕಣ್ಣಿಲ್ಲದ ಗೆಡ್ಡೆ

ಈಗ ಶೀರ್ಷಿಕೆಯ ಪ್ರಶ್ನೆ. ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು. ಎಲ್ಲಿ ಕತ್ತರಿಸಿ ನೆಟ್ಟರೂ ಚಿಗುರುತ್ತದೆ. ಡೇರೆ ಹಾಗಲ್ಲ. ಅದರ ಗೆಡ್ಡೆ ಎಂದರೆ ದಪ್ಪಗಾದ ಬೇರು. ಚಿಗುರುವ ಕಣ್ಣು ಇರುವುದು ಗೆಡ್ಡೆಯ ಹೊಟ್ಟೆಯಲ್ಲಲ್ಲ, ಕುತ್ತಿಗೆಯ ಮೇಲೆ, ಹಳೆಯ ದಂಟಿಗೆ ಸೇರಿದ ಜಾಗದಲ್ಲಿ. ಗೊಂಚಲು ಕಿತ್ತು ಒಂದೊಂದೇ ಗೆಡ್ಡೆಯನ್ನು ಮುರಿದು ಹಂಚಿದರೆ ದಂಟಿನ ಚೂರು ಬಾರದೆ ಬರೀ ಬೇರು ಬರುತ್ತದೆ. ಆ ಗೆಡ್ಡೆ ಎಷ್ಟು ದಪ್ಪಗಿದ್ದರೂ ಮಣ್ಣಿನಲ್ಲಿ ಹಾಗೇ ಕೂತಿರುತ್ತದೆ, ಬೇರನ್ನೂ ಬಿಟ್ಟೀತು, ಚಿಗುರು ಮಾತ್ರ ಬರುವುದಿಲ್ಲ. "ಅವಳು ಕೊಟ್ಟ ಗೆಡ್ಡೆ ಹುಟ್ಟಲೇ ಇಲ್ಲ, ಮನಸ್ಸಿಲ್ಲದೆ ಕೊಟ್ಟಿದ್ದಾಳೆ" ಎಂಬ ಮುನಿಸುಗಳಲ್ಲಿ ಅರ್ಧ ಈ ಕಾರಣಕ್ಕೇ ಆದವು ಎಂದು ನನ್ನ ಅನಿಸಿಕೆ.

ಹಾಗಾಗಿ ಗೊಂಚಲನ್ನು ಇಡಿಯಾಗಿಯೇ ಇಟ್ಟುಕೊಂಡು, ಮೇ ತಿಂಗಳಲ್ಲಿ ಒದ್ದೆ ಮರಳಿನ ಮೇಲೆ ಎಂಟು ಹತ್ತು ದಿನ ನೆರಳಲ್ಲಿಡಿ. ಕುತ್ತಿಗೆಯ ಹತ್ತಿರ ಸಾಸಿವೆಯಷ್ಟು ಕೆಂಪು ಅಥವಾ ಹಸಿರು ಬೊಟ್ಟು ಕಾಣುತ್ತದೆ. ಅದೇ ಕಣ್ಣು. ಆಗ ಚೂಪಾದ ಚಾಕುವಿನಲ್ಲಿ, ಪ್ರತಿ ತುಂಡಿಗೂ ಒಂದು ಗೆಡ್ಡೆ, ಒಂದು ಕಣ್ಣು, ಒಂದಿಷ್ಟು ಹಳೆ ದಂಟು ಬರುವಂತೆ ಸೀಳಿ. ಕತ್ತರಿಸಿದ ಗಾಯಕ್ಕೆ ಒಲೆಯ ಬೂದಿ ಹಚ್ಚಿ, ಒಂದು ದಿನ ಒಣಗಲು ಬಿಟ್ಟು ನೆಡಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸೋಪು ಹಾಕಿ ತೊಳೆದು ಒರೆಸಿ.

ನೆಡುವಾಗ ಗೆಡ್ಡೆ ಮಲಗಿಸಿ, ಕಣ್ಣು ಮೇಲಕ್ಕೆ, ನಾಲ್ಕು ಬೆರಳು ಆಳ. ಸಾಲಿನಲ್ಲಿ ಎರಡಡಿ ಅಂತರ. ಊರುಗೋಲನ್ನು ಗೆಡ್ಡೆಗಿಂತ ಮೊದಲು ನೆಡಬೇಕು. ಗಿಡ ಬಾಗಿದ ಮೇಲೆ ಕೋಲು ಚುಚ್ಚಲು ಹೋದರೆ ನೇರ ಗೆಡ್ಡೆಗೇ ಚುಚ್ಚುತ್ತದೆ. ಅಡಿಕೆ ದಬ್ಬೆ, ಬಿದಿರು ಯಾವುದಾದರೂ ಆದೀತು. ಕಟ್ಟಲು ಬಾಳೆನಾರು ಒಳ್ಳೆಯದು, ದಂಟು ಕೊಯ್ಯುವುದಿಲ್ಲ. ಚಿಗುರು ಮಣ್ಣಿನ ಮೇಲೆ ಬರುವ ತನಕ ನೀರಿನ ಗೊಡವೆ ಬೇಡ.

ಕುಡಿ ಚಿವುಟುವುದು

ಗಿಡ ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿ ಚಿವುಟಿ. ಮನಸ್ಸು ಬಾರದು, ಆದರೂ ಚಿವುಟಿ. ಬದಿಯಿಂದ ಕವಲೊಡೆದು ಗಿಡ ಗಿಡ್ಡವಾಗಿ ಗಟ್ಟಿಯಾಗುತ್ತದೆ, ಗಾಳಿಗೆ ಬೀಳುವುದಿಲ್ಲ. ಆಮೇಲೆ ಬರುವ ಬದಿಗವಲುಗಳಲ್ಲಿ ಒಂದೆರಡನ್ನು ಕುಡಿ ನೆಡಲು ಬಳಸಿ. ಮೂರು ಇಂಚು ಉದ್ದದ ಕುಡಿಯನ್ನು ಗಿಣ್ಣಿನ ಕೆಳಗೇ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಗಿಣ್ಣು ಹೂಳುವ ಹಾಗೆ ಊರಿ. ನಮ್ಮ ಜೂನ್, ಜುಲೈ ಹವೆಯಲ್ಲಿ ಜಗುಲಿಯ ಮೇಲೆ ಇಟ್ಟರೆ ಎರಡು ಮೂರು ವಾರದಲ್ಲಿ ಬೇರು. ಅದೇ ವರ್ಷ ಹೂವೂ ಬರುತ್ತದೆ. ಗಿಣ್ಣು ಮಣ್ಣೊಳಗೆ ಇದ್ದರೆ ಡಿಸೆಂಬರ್ ಹೊತ್ತಿಗೆ ಚಿಕ್ಕ ಗೆಡ್ಡೆಯೂ ಕಟ್ಟಿರುತ್ತದೆ. ಒಂದು ಗಿಡ ಇದ್ದವಳು ಒಂದೇ ಮಳೆಗಾಲದಲ್ಲಿ ಐದಾರು ಮನೆಗೆ ಕೊಡಬಹುದು.

ಹೂ ದೊಡ್ಡದಾಗಬೇಕಾದರೆ ತುದಿಯ ಮೂರು ಮೊಗ್ಗಿನಲ್ಲಿ ನಡುವಿನದನ್ನು ಉಳಿಸಿ ಎರಡನ್ನು ತೆಗೆಯಿರಿ. ಹಬ್ಬಕ್ಕೆ ಲೆಕ್ಕಕ್ಕೆ ಬೇಕಾದರೆ ಬಿಟ್ಟುಬಿಡಿ.

ಹೂ ಕೊಯ್ಯುವಾಗ ಒಂದು ಗುಟ್ಟು. ಡೇರೆಯ ದಂಟು ಒಳಗೆ ಟೊಳ್ಳು. ದಪ್ಪ ದಂಟನ್ನು ಕತ್ತರಿಸಿ ಹಾಗೇ ಬಿಟ್ಟರೆ ಮಳೆನೀರು ಕೊಳವೆಯಲ್ಲಿ ಇಳಿದ ಹಾಗೆ ಬುಡದ ಕಡೆ ಇಳಿದು, ಕಣ್ಣಿರುವ ಕುತ್ತಿಗೆಯೇ ಕೊಳೆಯುತ್ತದೆ. ಆದ್ದರಿಂದ ಎಲೆಯ ಗಿಣ್ಣಿನ ಮೇಲೆ ಹತ್ತಿರದಲ್ಲೇ ಕತ್ತರಿಸಿ; ಗಿಣ್ಣಿನ ಜಾಗ ಗಟ್ಟಿ. ದಪ್ಪ ದಂಟಾದರೆ ಬಾಯಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಕಟ್ಟಿ.

ಹುಳದ ಕಾಟ ಬಸವನ ಹುಳುವಿನದೇ ಜಾಸ್ತಿ. ಬೂದಿ ಸುತ್ತ ಹಾಕುತ್ತಾರೆ, ಒಂದು ಮಳೆಗೆ ತೊಳೆದುಹೋಗುತ್ತದೆ. ರಾತ್ರಿ ಊಟ ಆದ ಮೇಲೆ ಟಾರ್ಚು ಹಿಡಿದು ಹೆಕ್ಕುವುದೇ ಸರಿ. ಎಲೆಯ ಮೇಲೆ ಬಿಳಿ ಬೂದಿಯಂತೆ ಬಂದರೆ ಕೆಳಗಿನ ಎಲೆ ಕಿತ್ತು ಗಾಳಿಯಾಡಲು ಬಿಡಿ. ಇನ್ನೊಂದು ರೋಗವಿದೆ, ಅದಕ್ಕೆ ಮದ್ದಿಲ್ಲ: ಎಲೆಯ ನರದ ಗುಂಟ ಹಳದಿ ಗೆರೆ, ಎಲೆ ಮುದುಡಿ ಗಿಡ ಗಿಡ್ಡಾಗುವುದು. ನಂಜುರೋಗ, ಹೇನು ಹರಡುತ್ತದೆ. ಗೆಡ್ಡೆಯಲ್ಲೂ ಕುಡಿಯಲ್ಲೂ ದಾಟುತ್ತದೆ. ಎಷ್ಟೇ ಪ್ರೀತಿಯ ಬಣ್ಣವಾಗಿರಲಿ, ಅಂಥ ಗಿಡವನ್ನು ಕಿತ್ತು ಸುಟ್ಟುಬಿಡಿ, ಯಾರಿಗೂ ಕೊಡಬೇಡಿ.

ದೀಪಾವಳಿ ಆದ ಮೇಲೆ

ಹೂ ಕಡಿಮೆಯಾಯಿತೆಂದು ಕೂಡಲೇ ಗಿಡ ಕಡಿಯುವ ಅಭ್ಯಾಸ ಕೆಲವರಿಗೆ. ಹಗಲು ಚಿಕ್ಕದಾಗುವ ಈ ತಿಂಗಳುಗಳಲ್ಲೇ ಗೆಡ್ಡೆ ದಪ್ಪಗಾಗುವುದು. ಎಲೆ ಹಸಿರಿರುವ ತನಕ ಬಿಡಿ, ನೀರು ಮಾತ್ರ ಕಡಿಮೆ ಮಾಡಿ. ಡಿಸೆಂಬರ್ ಅರ್ಧ ದಾಟಿ, ಗಿಡ ತಾನಾಗಿ ಹಳದಿಯಾದ ಮೇಲೆ ಅರ್ಧ ಅಡಿ ದಂಟು ಬಿಟ್ಟು ಕತ್ತರಿಸಿ. ಒಂದಡಿ ದೂರದಿಂದ ಮಣ್ಣು ಸಡಿಲಿಸಿ ಗೊಂಚಲನ್ನು ಅಡಿಯಿಂದ ಎತ್ತಿ. ದಂಟು ಹಿಡಿದು ಎಳೆದರೆ ಕುತ್ತಿಗೆ ಮುರಿಯುತ್ತದೆ, ಕುತ್ತಿಗೆ ಮುರಿದರೆ ಕಣ್ಣು ಹೋಯಿತು.

ನೆರಳಲ್ಲಿ ಎರಡು ಮೂರು ದಿನ ಆರಿಸಿ, ಮಡಕೆಯಲ್ಲೋ ಬುಟ್ಟಿಯಲ್ಲೋ ಒಣ ಮರಳಿನ ನಡುವೆ ಇಡಿ. ಅಟ್ಟದ ಮೇಲೆ ಬೇಡ; ಮಾರ್ಚ್, ಏಪ್ರಿಲ್‌ನಲ್ಲಿ ಹೆಂಚಿನ ಕಾವಿಗೆ ಒಣಮೆಣಸಿನ ಹಾಗೆ ಸುಕ್ಕುತ್ತದೆ. ತಂಪು ಕೋಣೆಯ ಮೂಲೆ ಸಾಕು, ಇಲಿ ಮುಟ್ಟದಂತೆ ಮುಚ್ಚಿ. ತಿಂಗಳಿಗೊಮ್ಮೆ ತೆರೆದು ನೋಡಿ. ಸುಕ್ಕಿದ್ದರೆ ಕೈಯಲ್ಲಿ ಒಂದಿಷ್ಟು ನೀರು ಚಿಮುಕಿಸಿ, ಮೆತ್ತಗಾದುದನ್ನು ತೆಗೆದು ಬಿಸಾಡಿ. ಚೀಲದಲ್ಲಿ ಬೆಳೆಸಿದವರಿಗೆ ಕೀಳುವ ಕೆಲಸವೂ ಇಲ್ಲ, ಚೀಲವನ್ನೇ ನೆರಳಿಗೆ ಎಳೆದು ನೀರು ನಿಲ್ಲಿಸಿದರಾಯಿತು.

ಒಂದು ಎಚ್ಚರಿಕೆ. ದಿಬ್ಬದ ಮೇಲೆ ಮುಚ್ಚಲು ಬೇಸಿಗೆಯಲ್ಲಿ ಕಾಡಿನ ದರಕು ತರುವವರು ಮಂಗನ ಕಾಯಿಲೆಯನ್ನು ಮರೆಯಬಾರದು. ನವೆಂಬರ್‌ನಿಂದ ಮೇ ತನಕ ದರಕಿನಲ್ಲಿ ಉಣುಗು ಇರುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದ ಸಾವುಗಳು ಎಲ್ಲರಿಗೂ ಗೊತ್ತು. ಡೇರೆಗಾಗಿ ಕಾಡಿಗೆ ಹೋಗುವ ಅಗತ್ಯವೇ ಇಲ್ಲ, ತೋಟದ ಅಡಿಕೆ ಸೋಗೆ ಸಾಕು. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದವರು ಕೊಡುವ ಡೇಪಾ ತೈಲ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ.

ಸಂಘದಲ್ಲಿ ಮಾಡಬಹುದಾದ್ದು

ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಿಲಿನ ಬೀಜ, ಗೆಡ್ಡೆ, ಗಿಡಗಳನ್ನು ಮಳೆಗಾಲಕ್ಕೆ ಮೊದಲು ಮೇಳ ಮಾಡಿ ಹಂಚಿಕೊಂಡರು. ಅಷ್ಟು ದೊಡ್ಡದು ನಮಗೆ ಬೇಡ. ಹದಿನೈದು ಜನರ ಒಂದು ಸ್ವಸಹಾಯ ಸಂಘ ಸಾಕು. ಈ ಸಲ ಹೂ ಇರುವಾಗಲೇ ಪ್ರತಿಯೊಬ್ಬರೂ ತಮ್ಮ ಬಗೆಗಳ ಪಟ್ಟಿ ಬರೆಯಿರಿ: ಬಣ್ಣ, ಎಸಳಿನ ಆಕಾರ, ಯಾರ ಮನೆಯಿಂದ ಬಂತು. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗೆಡ್ಡೆ ಕಿತ್ತ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಹಳೆಯ ಪ್ಲಾಸ್ಟಿಕ್ ಡಬ್ಬಿಯ ಚೂರಿನ ಮೇಲೆ ನಂಬರು ಬರೆದು ದಂಟಿಗೇ ಕಟ್ಟಿ. ಯಾವ ಬಗೆ ಒಂದೇ ಮನೆಯಲ್ಲಿದೆಯೋ ಅದರ ಕುಡಿಯನ್ನು ಮೊದಲು ಊರಿ, ಕಡೆಪಕ್ಷ ಮೂರು ಮನೆಗೆ ಕೊಡಿ. ಆ ಮೂರು ಮನೆ ಒಂದೇ ಕೇರಿಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು. ಹೊಳೆಬದಿಯ ಒಂದು, ಗುಡ್ಡದ ಮೇಲಿನ ಒಂದು, ಮಳೆ ಕಡಿಮೆಯಿರುವ ತವರೂರಿಗೆ ಒಂದು.

ಮೇ ತಿಂಗಳ ಸಭೆಗೆ ಬರುವಾಗ ಕಣ್ಣು ಬಂದ ಗೆಡ್ಡೆ ಇದ್ದವರು ಒಂದೊಂದು ತನ್ನಿ, ನಂಬರು ಚೀಟಿ ಸಮೇತ. ಚಾಕು, ಸೋಪು ಮತ್ತು ಒಂದು ಡಬ್ಬಿ ಬೂದಿ ಸಭೆ ನಡೆಯುವ ಮನೆಯವರು ಇಟ್ಟುಕೊಂಡಿರಲಿ.