ತಾಂತ್ರಿಕ ಕೆಲಸ ಬಿಟ್ಟು ನರ್ಸಿಂಗ್ ಕಲಿಯಲು ಹೊರಟವರಿಗೆ



ಹತ್ತನೇ ತರಗತಿ, ಪಿಯುಸಿ ಮುಗಿಸಿದ ಮಕ್ಕಳು ಮುಂದೇನು ಓದಬೇಕು ಎಂಬುದನ್ನು ಈ ವಾರ್ಷಿಕ ವರದಿಯಲ್ಲಿ ಬರೆಯುವುದು ನಮ್ಮ ರೂಢಿ. ಈ ಸಲ ಮೂವತ್ತರ ಆಸುಪಾಸಿನವರಿಗಾಗಿ ಬರೆಯುತ್ತಿದ್ದೇವೆ. ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ ಎಂಟು ಹತ್ತು ವರ್ಷ ಎಲೆಕ್ಟ್ರಿಕಲ್, ಎ.ಸಿ., ಕಂಪ್ಯೂಟರ್ ಕೆಲಸ ಮಾಡಿದವರು, ಗಲ್ಫ್‌ನಿಂದ ಮರಳಿದವರು, ಮಕ್ಕಳಾದ ಮೇಲೆ ಮತ್ತೆ ದುಡಿಯಬೇಕಾಗಿ ಬಂದ ಹೆಣ್ಣುಮಕ್ಕಳು ಸಂದರ್ಶನಕ್ಕೆ ಬಂದು, "ಈಗ ನರ್ಸಿಂಗ್ ಸೇರಬಹುದಾ ಮೇಷ್ಟ್ರೇ?" ಎಂದು ಕೇಳುತ್ತಾರೆ. ಸೇರಬಹುದು. ಆದರೆ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರಬೇಕು.

ಮೊದಲ ತೊಡಕು ಅಲ್ಲೇ ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು, ಇಂಗ್ಲಿಷ್ ಇರಬೇಕು, ಸಾಮಾನ್ಯ ವರ್ಗಕ್ಕೆ ನೂರಕ್ಕೆ 45 ಅಂಕ ಬೇಕು. ಎಂಜಿನಿಯರಿಂಗ್‌ಗೆಂದು ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ, ಬಿ.ಇ.ಯಲ್ಲಿ ಎಷ್ಟೇ ಒಳ್ಳೆಯ ದರ್ಜೆ ಬಂದಿದ್ದರೂ, ಈ ಬಾಗಿಲು ತೆರೆಯುವುದಿಲ್ಲ. ಅಂಥವರಿಗೆ ಜಿ.ಎನ್.ಎಂ. ಇದೆ. ಮೂರು ವರ್ಷದ ಈ ಡಿಪ್ಲೊಮಾಗೆ ಪಿಯುಸಿ ಯಾವ ವಿಭಾಗದ್ದಾದರೂ ಆಗುತ್ತದೆ. ಇಂಗ್ಲಿಷ್ ಇದ್ದು ನೂರಕ್ಕೆ 40 ಅಂಕ ಬಂದಿರಬೇಕು. ಆದರೆ ವಯಸ್ಸು 17ರಿಂದ 35ರೊಳಗೆ ಇರಬೇಕು. ಮೂವತ್ತಮೂರರವರು "ಇನ್ನೊಂದು ವರ್ಷ ನೋಡೋಣ" ಎನ್ನುವಾಗ ಈ ಅಂಕಿಯನ್ನು ನೆನಪಿಡಬೇಕು.

ಹೆಚ್ಚು ಜನ ಎಡವುವುದು ಎಸ್ಸೆಸ್ಸೆಲ್ಸಿಯಿಂದ ನೇರ ಪಾಲಿಟೆಕ್ನಿಕ್‌ಗೆ ಹೋದವರು. ಅವರ ಬಳಿ ಪಿಯುಸಿ ಅಂಕಪಟ್ಟಿಯೇ ಇರುವುದಿಲ್ಲ. "ಮೂರು ವರ್ಷದ ಡಿಪ್ಲೊಮಾ ಇದೆಯಲ್ಲ, ಪಿಯುಸಿಗಿಂತ ದೊಡ್ಡದಲ್ಲವೇ?" ಎಂಬ ವಾದ ಮನೆಯಲ್ಲಿ ನಡೆಯುತ್ತದೆ, ಪ್ರವೇಶದ ಕಚೇರಿಯಲ್ಲಿ ನಡೆಯುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಿಂದ, ಅಂದರೆ ಎನ್.ಐ.ಓ.ಎಸ್. ಮೂಲಕ, ಕೆಲಸದಲ್ಲಿದ್ದುಕೊಂಡೇ ಹನ್ನೆರಡನೇ ತರಗತಿ ಪರೀಕ್ಷೆ ಕಟ್ಟಬಹುದು. ವಯಸ್ಸು ಇನ್ನೂ ಕೈಯಲ್ಲಿರುವವರು ಹಾಗೆಯೇ ಮಾಡಲಿ. ನರ್ಸಿಂಗ್ ಶಿಕ್ಷಣಕ್ಕೆ 2023ರಲ್ಲಿ ಹೊಸ ಕೇಂದ್ರ ಕಾಯ್ದೆ ಬಂದಿದೆ. ಆದ್ದರಿಂದ ಹಳೆಯ ಕೈಪಿಡಿಯನ್ನು ನೆಚ್ಚಿಕೊಳ್ಳದೆ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನೇ ಓದಬೇಕು, ಕಾಲೇಜಿನವರ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಬೇಕು, ಗೇಟಿನ ಮುಂದಿನ ಫಲಕದಲ್ಲಲ್ಲ. ಮಾನ್ಯತೆ ಇಲ್ಲದ ಕಡೆ ಮೂರು ವರ್ಷ ಓದಿದವರಿಗೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದವರು ನರ್ಸ್ ಅಲ್ಲ.

ಇನ್ನು, ಇಷ್ಟು ವರ್ಷ ಕಲಿತದ್ದೆಲ್ಲ ನೀರಿನಲ್ಲಿ ಹೋಮವೇ ಎಂಬ ಕೊರಗು. ಹಾಗಲ್ಲ. ಲೆಕ್ಕ ಕಲಿಸಿ ಜೀವನ ಸವೆಸಿದವರಾದ್ದರಿಂದ ನಾವು ಇದನ್ನು ಲೆಕ್ಕದಲ್ಲೇ ತೋರಿಸುತ್ತೇವೆ.

ವೈದ್ಯರು 500 ಮಿ.ಲೀ. ಸಲೈನ್ ಅನ್ನು 4 ಗಂಟೆಯಲ್ಲಿ ಕೊಡಲು ಬರೆದಿದ್ದಾರೆ. ಕೈಯಲ್ಲಿರುವ ಡ್ರಿಪ್ ಸೆಟ್‌ನಲ್ಲಿ 1 ಮಿ.ಲೀ.ಗೆ 15 ಹನಿ. ಒಟ್ಟು 7,500 ಹನಿ, 240 ನಿಮಿಷ. ಅಂದರೆ ನಿಮಿಷಕ್ಕೆ ಸುಮಾರು 31 ಹನಿ. ಸೆಟ್ ಬದಲಾಗಿ 1 ಮಿ.ಲೀ.ಗೆ 20 ಹನಿಯದ್ದು ಬಂದರೆ ಅದೇ ಸಲೈನ್‌ಗೆ ನಿಮಿಷಕ್ಕೆ 42 ಹನಿ ಬೇಕು. ಪೊಟ್ಟಣದ ಮೇಲೆ ಬರೆದದ್ದನ್ನು ಓದದೆ ಕೈ ಹಾಕಬಾರದು ಎಂಬುದು ತಂತ್ರಜ್ಞರಿಗೆ ಹೊಸ ಪಾಠವಲ್ಲ.

ಇನ್ಸುಲಿನ್‌ನ ಲೆಕ್ಕ ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದರಲ್ಲಿ 1 ಮಿ.ಲೀ.ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಸಿರಿಂಜ್‌ಗಳೂ ಬೇರೆ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ರೋಗಿಗೆ 20 ಯೂನಿಟ್ ಬೇಕು ಎಂದುಕೊಳ್ಳಿ. 100ರ ಔಷಧವನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ರಕ್ತದ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಅದಲುಬದಲಾಗಿ 40ರ ಔಷಧವನ್ನು 100ರ ಸಿರಿಂಜ್‌ನಲ್ಲಿ ಎಳೆದರೆ 20ರ ಬದಲು ಬರೀ 8 ಯೂನಿಟ್. ಮೀಟರ್ ಹಿಡಿಯುವ ಮುನ್ನ ಅದರ ರೇಂಜ್ ನೋಡಿ ಅಭ್ಯಾಸವಾದವರಿಗೆ ಈ ಎಚ್ಚರ ಬೇಗ ಕೈಗೂಡುತ್ತದೆ. ಮಾನಿಟರ್ ಕೂಗಿದಾಗ ಸೆನ್ಸರ್ ಬೆರಳಿನಿಂದ ಜಾರಿದೆಯೇ, ರೋಗಿಗೇ ತೊಂದರೆಯೇ ಎಂದು ವಿಚಾರಿಸುವ ಬುದ್ಧಿಯೂ ಹಾಗೆಯೇ. ಆದರೆ ಮೊದಲು ನೋಡಬೇಕಾದದ್ದು ರೋಗಿಯ ಮುಖವನ್ನು, ಆಮೇಲೆ ತಂತಿಯನ್ನು. ಈ ಕ್ರಮ ತಂತ್ರಜ್ಞರಿಗೆ ಹೊಸದು.

ಹೊಸದಾಗಿ ಕಲಿಯಬೇಕಾದದ್ದು ಬಹಳವಿದೆ. ಕೆಟ್ಟ ಯಂತ್ರವನ್ನು ನಿಲ್ಲಿಸಿ ಬಿಚ್ಚಬಹುದು, ಜೋಡಿಸಿ ಮತ್ತೆ ಓಡಿಸಬಹುದು. ಮನುಷ್ಯನನ್ನು ಹಾಗೆ ನಿಲ್ಲಿಸಲಾಗದು. ಬೆಡ್‌ಪ್ಯಾನ್ ಇಡಬೇಕು, ಹಾಸಿಗೆ ಹಿಡಿದವರ ಮೈ ಒರೆಸಬೇಕು, ಬೆನ್ನಿಗೆ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು, ಮಾಡಿದ್ದನ್ನೆಲ್ಲ ಗಂಟೆ ಸಮೇತ ಬರೆದಿಡಬೇಕು. ತಮಗಿಂತ ಹತ್ತು ವರ್ಷ ಚಿಕ್ಕವರಾದ ಸಿಸ್ಟರ್ ಗದರಿದರೆ ತಲೆಬಾಗಿಸಿ ಕೇಳಬೇಕು. ಸೈಟ್‌ನಲ್ಲಿ ಇಪ್ಪತ್ತು ಜನರಿಗೆ ಸೂಪರ್‌ವೈಸರ್ ಆಗಿದ್ದವರಿಗೆ ನೈಟ್ ಡ್ಯೂಟಿಗಿಂತ ಇದೇ ಕಷ್ಟ ಎಂದು ನಮ್ಮ ಅನಿಸಿಕೆ. ಫಾರಂ ತುಂಬುವ ಮೊದಲು ಮನೆಯ ಹಿರಿಯರೊಬ್ಬರು ಆಸ್ಪತ್ರೆ ಸೇರಿದಾಗ ನಾಲ್ಕು ರಾತ್ರಿ ನೀವೇ ಜೊತೆಗಿದ್ದು ನೋಡಿ. ಯಾವ ಕೈಪಿಡಿಯೂ ಅಷ್ಟು ಹೇಳುವುದಿಲ್ಲ.

"ಈ ವಯಸ್ಸಿನಲ್ಲಾ?" ಎನ್ನುವ ನೆಂಟರಿಗೆ ಒಂದು ಮಾತು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದಾಗ ಅವರಿಗೆ 31 ವರ್ಷ. ಗಣಿತದಲ್ಲಿ ಆಸಕ್ತಿಯಿದ್ದ ಅವರು, ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ತಡೆಯಬಹುದಾದ ಕಾಯಿಲೆಗಳಿಂದಲೇ ಹೆಚ್ಚಾಗಿ ಸತ್ತರೆಂಬುದನ್ನು 1858ರಲ್ಲಿ ನಕ್ಷೆ ಬರೆದು ತೋರಿಸಿದರು. ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕಳಿಸಲು ಹಿಂಜರಿಯುವ ಹಿರಿಯರಿಗೆ ಅಷ್ಟು ದೂರದ ಉದಾಹರಣೆ ಬೇಕಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಮದೀನಾದ ಮಸೀದಿಯಲ್ಲಿ ರುಫೈದಾ (ರ) ಅವರ ಡೇರೆಯಲ್ಲಿರಿಸಿ ಉಪಚರಿಸಿದ ವಿಷಯ ಸೀರಾ ಗ್ರಂಥಗಳಲ್ಲಿದೆ. ಗಂಡುಮಕ್ಕಳಿಗೂ ಇದು ನಾಚಿಕೆಯ ಕೆಲಸವಲ್ಲ. ವಾರ್ಡ್‌ಗಳಲ್ಲಿ "ಬ್ರದರ್" ಎಂದು ಕರೆಸಿಕೊಳ್ಳುವವರು ಈಗ ಎಲ್ಲೆಡೆ ಇದ್ದಾರೆ.

ಗಲ್ಫ್‌ಗೆ ಮರಳುವ ಆಸೆಯಿಂದ ಈ ದಾರಿ ಹಿಡಿಯುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ನರ್ಸ್ ಆಗಲು ಪ್ರಮಾಣಪತ್ರಗಳ ಪರಿಶೀಲನೆಯಾಗಬೇಕು, ಪರವಾನಗಿ ಪರೀಕ್ಷೆ ಪಾಸಾಗಬೇಕು, ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ ಇರಬೇಕು. ಎ.ಸಿ. ರಿಪೇರಿಯ ಹತ್ತು ವರ್ಷ ಈ ಅನುಭವದ ಲೆಕ್ಕಕ್ಕೆ ಸೇರುವುದಿಲ್ಲ. ಊರಿನ ಸಣ್ಣ ಆಸ್ಪತ್ರೆಯಲ್ಲಿ ಮೊದಲ ಸಂಬಳ ಹಳೆಯ ಸಂಬಳಕ್ಕಿಂತ ಕಡಿಮೆಯೇ ಇರಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲಿ ದಾನಿಗಳಲ್ಲಿ ನಮ್ಮ ಅರಿಕೆ. ಹದಿನೆಂಟರ ಹುಡುಗಿಗೆ ಫೀಸು ಕಟ್ಟಿದರೆ ಅವಳ ಅನ್ನ ತಾಯಿತಂದೆಯರ ಮನೆಯಲ್ಲಿದೆ. ಮೂವತ್ತೆರಡರ ವಿದ್ಯಾರ್ಥಿ ಹಾಗಲ್ಲ. ಅವನೇ ಮನೆ ನಡೆಸುವವನು. ಅವನ ನಿಜವಾದ ಖರ್ಚು ಫೀಸಲ್ಲ, ಮೂರು ವರ್ಷ ಬಾರದ ಸಂಬಳ. ಹಗಲಿಡೀ ತರಗತಿ ಮತ್ತು ವಾರ್ಡ್ ಇರುವುದರಿಂದ ಪಕ್ಕದ ದುಡಿಮೆಗೆ ಹೆಚ್ಚು ಸಮಯವೂ ಸಿಗುವುದಿಲ್ಲ. ಒಂದು ರಮಝಾನಿನಲ್ಲಿ ಬಂದ ನೆರವು ಮುಂದಿನ ರಮಝಾನಿನಲ್ಲಿ ನಿಂತರೆ ಅವನು ಎರಡನೇ ವರ್ಷದಲ್ಲಿ ಪುಸ್ತಕ ಮಡಚಿ ಹಳೆಯ ಕೆಲಸ ಹುಡುಕುತ್ತಾನೆ. ಕೊಟ್ಟ ಹಣವೂ ಹೋಯಿತು, ಅವನ ವಯಸ್ಸೂ ಹೋಯಿತು. ಆದ್ದರಿಂದ ಇಂಥ ಅರ್ಜಿಗಳನ್ನು ಮೂರು ಅಥವಾ ನಾಲ್ಕು ಮಂದಿ ಸೇರಿ, ಮೂರು ವರ್ಷಕ್ಕೆಂದು ಮೊದಲೇ ಮಾತು ಕೊಟ್ಟು ವಹಿಸಿಕೊಳ್ಳಬೇಕು. ಇಬ್ಬರು ಮುಗಿಸುವಷ್ಟು ಹಣವನ್ನು ಆರು ಮಂದಿಗೆ ಹಂಚುವುದು ನಮಗೆ ಸರಿ ಕಾಣುವುದಿಲ್ಲ.

ಅರ್ಜಿ ಹಾಕುವವರು ಎಸ್ಸೆಸ್ಸೆಲ್ಸಿ ಮತ್ತು ಹನ್ನೆರಡನೇ ತರಗತಿಯ ಅಂಕಪಟ್ಟಿ, ಹಳೆಯ ಕೆಲಸದ ಪತ್ರ, ಕಾಲೇಜಿನ ಮಾನ್ಯತೆಯ ಪ್ರತಿ, ಜೊತೆಗೆ ಒಂದು ಹಾಳೆಯಲ್ಲಿ ಮನೆಯ ತಿಂಗಳ ಖರ್ಚನ್ನು ಬಾಡಿಗೆ, ರೇಷನ್, ಮಕ್ಕಳ ಫೀಸು, ಸಾಲದ ಕಂತು ಎಂದು ಬಿಡಿಸಿ ಬರೆದು ತನ್ನಿ. ಸಾಲವನ್ನು ಮುಚ್ಚಿಡಬೇಡಿ. ಮದುವೆಯಾದವರು ಸಂದರ್ಶನಕ್ಕೆ ಒಬ್ಬರೇ ಬರಬೇಡಿ, ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಬನ್ನಿ. ಅವರನ್ನೂ ನಾವು ಕೆಲವು ಪ್ರಶ್ನೆ ಕೇಳುವುದಿದೆ.