ಹಳೆಯ ಡೀಸೆಲ್ ಪಿಕಪ್ ವಾಹನದಲ್ಲಿ ಎಳೆತದ ಕೊರತೆ: ಪರಿಶೀಲನೆಯ ಕ್ರಮ

ಶ್ರೀಗಂಧದ ಕಾವಲ್, ಸುಂಕದಕಟ್ಟೆ ಭಾಗದ ಸಣ್ಣ ಕಾರ್ಖಾನೆಗಳಿಂದ ಪೀಣ್ಯಕ್ಕೆ ಸರಕು ಒಯ್ಯುವ ಹಳೆಯ ಪಿಕಪ್ ಏರಿನಲ್ಲಿ ಎಳೆಯದಾದಾಗ, ಪಂಪ್ ಕೆಟ್ಟಿದೆಯೆಂಬ ತೀರ್ಮಾನಕ್ಕೆ ಅವಸರಪಡುವುದು ಸಾಮಾನ್ಯ. ಪಂಪ್ ಮತ್ತು ಇಂಜೆಕ್ಟರ್‌ಗಳ ದುರಸ್ತಿ ದುಬಾರಿಯಾದುದರಿಂದ ಅದನ್ನು ಕೊನೆಗೆ ಇರಿಸಿಕೊಳ್ಳುವುದು ವಿವೇಕ.

ಮೊದಲು ದೋಷ ಎಂಜಿನ್ನಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ವೇಗ ಹೆಚ್ಚಿದರೂ ವಾಹನದ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿರುತ್ತದೆ. ಓಡಿಸಿದ ಬಳಿಕ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರುವ ಸಂಭವವಿದೆ.

ಅನಂತರ ಹೊಗೆಯನ್ನು ಗಮನಿಸಬೇಕು:

1. ಕಪ್ಪು ಹೊಗೆ: ಇಂಧನಕ್ಕೆ ತಕ್ಕಷ್ಟು ಗಾಳಿಯಿಲ್ಲ. ಏರ್ ಫಿಲ್ಟರ್ ಹಾಗೂ ಟರ್ಬೊ ಹೋಸ್‌ನ ಸೀಳನ್ನು ಪರಿಶೀಲಿಸಬೇಕು.

2. ಹೊಗೆಯಿಲ್ಲದೆ ಎಳೆತ ಕಡಿಮೆ: ಡೀಸೆಲ್ ಸಾಕಷ್ಟು ತಲುಪುತ್ತಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿ, ಅದರಲ್ಲಿ ನಿಂತ ನೀರನ್ನು ಹೊರಬಿಟ್ಟು, ಪೈಪಿನ ಜೋಡಣೆಗಳಲ್ಲಿ ಗಾಳಿ ಸೇರುತ್ತಿದೆಯೇ ಎಂದು ನೋಡಬೇಕು.

3. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ: ಟೈಮಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ದೋಷವಿರಬಹುದು. ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆಗೂ ಗಮನ ಬೇಕು.

4. ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿರಬಹುದು.

ಕಾಮನ್ ರೈಲ್ ಎಂಜಿನ್ನಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದರೆ ಸ್ಕ್ಯಾನರ್‌ನಿಂದ ದೋಷಸಂಕೇತವನ್ನು ಓದಿಸಬೇಕು. ಎಂಜಿನ್ ಓಡುವಾಗ ಅಧಿಕ ಒತ್ತಡದ ಪೈಪನ್ನು ಸಡಿಲಿಸಕೂಡದು. ಚಿಮ್ಮುವ ಡೀಸೆಲ್ ಚರ್ಮವನ್ನೇ ಭೇದಿಸುತ್ತದೆ.

1950ರ ದಶಕದಿಂದ ಆಡುಗೋಡಿಯ ಮೈಕೊ (2008ರಿಂದ ಬಾಷ್) ಡೀಸೆಲ್ ಪಂಪುಗಳನ್ನು ತಯಾರಿಸಿದ ಈ ನಗರದಲ್ಲಿ ಟೆಸ್ಟ್ ಬೆಂಚ್ ದುರ್ಲಭವಲ್ಲ. ಅದರ ಲಿಖಿತ ವರದಿ ಕೈಸೇರಿದ ಬಳಿಕವೇ ಪಂಪ್ ಬದಲಿಸಲು ಒಪ್ಪಿಗೆ ನೀಡುವುದು ಮಾಲೀಕರಿಗೆ ಕ್ಷೇಮ.