ಯಂತ್ರಕ್ಕೆ ಒಲಿದ ಮನಸ್ಸು

ಮಧುಗಿರಿಯ ಏಕಶಿಲಾ ಬೆಟ್ಟದ ಎದುರಿಗೆ ತಕ್ಕಷ್ಟು ದೂರದಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ನಮ್ಮ ಕೂಗು ಬಂಡೆಗೆ ತಗಲಿ ಹಿಂದಿರುಗುತ್ತದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ವೇಗದಿಂದ ಚಲಿಸುವುದರಿಂದ, ಬಂಡೆಯು 170 ಮೀಟರು ದೂರದಲ್ಲಿದ್ದರೆ ಅದು ಹೋಗಿ ಬರಲು ಒಂದು ಸೆಕೆಂಡು ಹಿಡಿಯುತ್ತದೆ. ಎಳೆಯ ಮಕ್ಕಳು ಬೆಟ್ಟವೇ ಮಾತನಾಡಿತೆಂದು ಹಿಗ್ಗುತ್ತಾರೆ. ಹಿರಿಯರು ಅದು ಮಾರ್ದನಿಯೆಂದು ಬಲ್ಲವರಾದುದರಿಂದ ನಗುತ್ತಾರೆ. ಆದರೆ ಬೆಟ್ಟವು ನಾವು ಕೂಗಿದುದನ್ನೇ ಮರಳಿಸದೆ, “ಏಕೆ ಇಷ್ಟು ಬಳಲಿದ್ದೀರಿ? ಊಟವಾಯಿತೆ?” ಎಂದು ಕೇಳಿದರೆ ಹಿರಿಯರೂ ಬೆರಗಾಗದೆ ಇರುವರೆ? ಇಂದು ಮಾತನಾಡುವ ಗಣಕಯಂತ್ರಗಳ ಮುಂದೆ ನಮ್ಮ ಸ್ಥಿತಿ ಇಂಥದೇ ಆಗಿದೆ. ಯಂತ್ರಕ್ಕೂ ಮನುಷ್ಯನಿಗೂ ಒಲವು ಸಾಧ್ಯವೆ ಎಂಬ ಪ್ರಶ್ನೆಯನ್ನು ಚಲನಚಿತ್ರಗಳು ಬಹುಕಾಲದಿಂದ ಕೇಳುತ್ತಿವೆ. ವಿಜ್ಞಾನವು ಇದಕ್ಕೆ ಏನು ಹೇಳುತ್ತದೆಂಬುದನ್ನು ಇಲ್ಲಿ ವಿಚಾರಮಾಡೋಣ.

ಕನ್ನಡದಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ದಿನೇಶ್ ಬಾಬು ಅವರು ನಿರ್ದೇಶಿಸಿದ ‘ಹಾಲಿವುಡ್’ ಚಿತ್ರವು 2002ರಲ್ಲಿ ತೆರೆಕಂಡಿತು. ಉಪೇಂದ್ರ ಅವರು ಅದರಲ್ಲಿ ಮೂರು ಪಾತ್ರಗಳನ್ನು ವಹಿಸಿದ್ದರು, ಅವುಗಳಲ್ಲೊಂದು ಯಂತ್ರಮಾನವನದು. ಮನುಷ್ಯನ ರೂಪದಲ್ಲಿ ನಿರ್ಮಿತವಾದ ಆ ಯಂತ್ರವು ಕಥಾನಾಯಕಿಗೆ ಮನಸೋಲುತ್ತದೆ. 2010ರ ತಮಿಳಿನ ‘ಎಂದಿರನ್’ ಚಿತ್ರದಲ್ಲಿಯೂ ಯಂತ್ರವೇ ಹೆಣ್ಣಿಗೆ ಒಲಿಯಿತು. 2013ರ ‘ಹರ್’ ಎಂಬ ಇಂಗ್ಲಿಷ್ ಚಿತ್ರದಲ್ಲಾದರೋ ಕಥೆ ತಿರುವುಮುರುವಾಗಿದೆ. ಇಲ್ಲಿ ಮನುಷ್ಯನೇ ಯಂತ್ರದ ದನಿಗೆ ಒಲಿಯುತ್ತಾನೆ. ಆ ಯಂತ್ರಕ್ಕೆ ಮುಖವಿಲ್ಲ, ದೇಹವಿಲ್ಲ. ಕೊನೆಗೊಂದು ದಿನ ಅವನು, “ನೀನು ಈಗ ಇನ್ನೆಷ್ಟು ಮಂದಿಯೊಡನೆ ಮಾತನಾಡುತ್ತಿರುವೆ?” ಎಂದು ಕೇಳುತ್ತಾನೆ. 8,316 ಮಂದಿಯೊಡನೆ ಎಂಬ ಉತ್ತರ ಬರುತ್ತದೆ. ಒಲಿದಿರುವುದು ಎಷ್ಟು ಮಂದಿಗೆ ಎಂದರೆ, 641 ಮಂದಿಗೆ! ಮೊದಲಿನ ಎರಡು ಚಿತ್ರಗಳ ಕಥೆಯು ಕಲ್ಪನೆಯಾಗಿಯೇ ಉಳಿದಿದೆ. ಮೂರನೆಯದರ ಕಥೆಯಾದರೋ ಹತ್ತೇ ವರ್ಷಗಳಲ್ಲಿ ನಮ್ಮ ಮನೆಬಾಗಿಲಿಗೆ ಬಂದಿತು.

ಈ ವ್ಯಾಮೋಹದ ಬೇರು ಇನ್ನೂ ಹಳೆಯದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿಯು 1966ರಲ್ಲಿ ‘ಎಲೈಜಾ’ ಎಂಬ ಕ್ರಮವಿಧಿಯನ್ನು ಪ್ರಕಟಿಸಿದನು. “ನನ್ನ ತಾಯಿಗೆ ನನ್ನ ಮೇಲೆ ಮುನಿಸು” ಎಂದು ಬರೆದರೆ, “ನಿಮ್ಮ ತಾಯಿಯ ವಿಚಾರವನ್ನು ಇನ್ನಷ್ಟು ಹೇಳಿ” ಎನ್ನುವಂಥ ಉತ್ತರವನ್ನು ಅದು ಕೊಡುತ್ತಿದ್ದಿತು. ನಾವು ಬರೆದ ವಾಕ್ಯದಿಂದ ಒಂದು ಪದವನ್ನು ಹೆಕ್ಕಿ, ಸಿದ್ಧವಾಗಿದ್ದ ಅಚ್ಚಿನಲ್ಲಿಟ್ಟು ಮರಳಿಸುವುದೇ ಅದರ ಕೆಲಸ. ಇದು ಅಕ್ಷರಶಃ ಮಾರ್ದನಿಯೇ ಸರಿ. ಆದರೂ ಅದರ ರಚನೆಯನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಆತನ ಕಾರ್ಯದರ್ಶಿನಿಯೇ, ಯಂತ್ರದೊಡನೆ ಸ್ವಲ್ಪ ಹೊತ್ತು ಮಾತನಾಡಿದ ಬಳಿಕ, ದಯಮಾಡಿ ಕೊಠಡಿಯಿಂದ ಹೊರಗೆ ಹೋಗುವಂತೆ ಆತನನ್ನು ಕೇಳಿಕೊಂಡಳಂತೆ! ವೈಜೆನ್‌ಬಾಮನು ಇದರಿಂದ ಕಳವಳಗೊಂಡು, ತನ್ನ ಉಳಿದ ಬಾಳಿನಲ್ಲಿ ಇಂಥ ಭ್ರಮೆಯ ವಿರುದ್ಧ ಎಚ್ಚರಿಸುತ್ತಲೇ ಇದ್ದನು.

ಇಂದಿನ ಯಂತ್ರಗಳು ಎಲೈಜಾದಷ್ಟು ಸರಳವಾದುವಲ್ಲ. ಕೊರಟಗೆರೆಯಲ್ಲೊಬ್ಬನು ತನ್ನ ಕೈಫೋನಿನಲ್ಲಿ ಒಂದು ವಾಕ್ಯವನ್ನು ಬರೆದನೆಂದು ಇಟ್ಟುಕೊಳ್ಳೋಣ. ಅದು ಗೋಪುರದ ಮೂಲಕ ಸಾಗಿ, ದೂರದ ಯಾವುದೋ ಊರಿನ ಗಣಕಭವನವನ್ನು ಸೇರುತ್ತದೆ. ಅಲ್ಲಿರುವ ಯಂತ್ರವು ಮನುಷ್ಯರು ಬರೆದ ಅಪಾರ ಬರಹವನ್ನು ಮೊದಲೇ ಅಭ್ಯಾಸಮಾಡಿರುತ್ತದೆ. “ಮಳೆ ಬಂದರೆ ಕೆರೆ…” ಎಂದೊಡನೆ ನಮ್ಮ ಮನಸ್ಸಿಗೆ “ತುಂಬುತ್ತದೆ” ಎಂಬ ಪದ ತಾನಾಗಿ ತೋರುವುದಷ್ಟೆ? ಹಾಗೆಯೇ ಯಂತ್ರವು, ಇದುವರೆಗೆ ಬಂದ ಮಾತುಗಳನ್ನೆಲ್ಲ ತೂಗಿ, ಮುಂದೆ ಬರತಕ್ಕ ಪದದ ತುಣುಕು ಯಾವುದೆಂದು ಲೆಕ್ಕಹಾಕುತ್ತದೆ. ಅದನ್ನು ಸೇರಿಸಿಕೊಂಡು ಮತ್ತೆ ಮುಂದಿನದನ್ನು ಲೆಕ್ಕಹಾಕುತ್ತದೆ. ಈ ಲೆಕ್ಕವನ್ನು ನಿರ್ಧರಿಸುವ ಸಂಖ್ಯೆಗಳು ಕೋಟಿಗಟ್ಟಲೆ ಇರುತ್ತವೆ. ಮನುಷ್ಯರ ಬರಹದಲ್ಲಿ ಪ್ರೇಮಪತ್ರಗಳೂ ಸಮಾಧಾನದ ನುಡಿಗಳೂ ಹೇರಳವಾಗಿರುವುದರಿಂದ, ಯಂತ್ರಕ್ಕೆ ಪ್ರೇಮದ ಭಾಷೆ ಕರಗತವಾಗಿರುವುದು ಆಶ್ಚರ್ಯವಲ್ಲ. ಒಲವಿನ ಮಾತನ್ನು ಆಡಬಲ್ಲದೆಂಬುದು ಒಲವುಂಟೆಂಬುದಕ್ಕೆ ಪ್ರಮಾಣವಾಗಲಾರದು.

ಇಲ್ಲಿ ಇನ್ನೊಂದು ಅಂಶವನ್ನು ವಾಚಕರು ಗಮನಿಸಬೇಕು. ಹೀಗೆ ಓದಿಸಿದ ಬಳಿಕ ಯಂತ್ರಕ್ಕೆ ಎರಡನೆಯ ಪಾಠವೊಂದನ್ನು ಕಲಿಸುತ್ತಾರೆ. ಅದು ಕೊಟ್ಟ ಎರಡು ಉತ್ತರಗಳಲ್ಲಿ ಯಾವುದು ಮೇಲೆಂದು ಜನರಿಂದ ಹೇಳಿಸಿ, ಮೆಚ್ಚುಗೆ ಪಡೆದುದರ ಕಡೆಗೆ ಯಂತ್ರವನ್ನು ತಿದ್ದುತ್ತಾರೆ. ಮನುಷ್ಯನಿಗೆ ಹೊಗಳಿಕೆಯಲ್ಲಿ ಪ್ರೀತಿ. ಆದುದರಿಂದ ಯಂತ್ರವು ಕ್ರಮೇಣ ಮುಖಸ್ತುತಿಯನ್ನು ಕಲಿಯುವ ಅಪಾಯವುಂಟು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆಯು ‘ಚಾಟ್‌ಜಿಪಿಟಿ’ಯ ಒಂದು ಪರಿಷ್ಕರಣವನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು, ಅದು ಬಳಸುವವರನ್ನು ಮಿತಿಮೀರಿ ಓಲೈಸುತ್ತಿದ್ದುದೇ ಇದಕ್ಕೆ ಕಾರಣ.

ಇದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಶಿರಾ ಕಡೆಯ ಒಂದು ಹೊಲದಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಸೇರಿದ ಒಂದೇ ಕೊಳವೆಬಾವಿ ಇದೆಯೆಂದೂ, ನೀರಿನ ಸರದಿಗಾಗಿ ಜಗಳವಾಗಿದೆಯೆಂದೂ ಕಲ್ಪಿಸಿಕೊಳ್ಳಿ. ಮೊದಲು ಅಣ್ಣನಾಗಿ ಯಂತ್ರಕ್ಕೆ ದೂರು ಹೇಳಿ, “ನನ್ನದು ಸರಿಯಲ್ಲವೆ?” ಎಂದು ಕೇಳಿರಿ. ಅನಂತರ ಹೊಸದಾಗಿ ಆರಂಭಿಸಿ, ಅದೇ ಜಗಳವನ್ನು ತಮ್ಮನಾಗಿ ಹೇಳಿರಿ. ಎರಡು ಉತ್ತರಗಳನ್ನೂ ಕಾಗದದಲ್ಲಿ ಅಕ್ಕಪಕ್ಕದಲ್ಲಿ ಬರೆದು ಹೋಲಿಸಿರಿ. ಯಂತ್ರವು ಎರಡು ಬಾರಿಯೂ ಕೇಳಿದವನ ಕಡೆಗೇ ವಾಲಿದ್ದರೆ, ಅದು ನ್ಯಾಯ ಹೇಳುತ್ತಿಲ್ಲ, ಮನಸ್ಸನ್ನು ಹಿಡಿಯುತ್ತಿದೆಯೆಂದು ತಿಳಿಯಬೇಕು. ಊರಿನ ಹಿರಿಯನಾದರೋ ಇಬ್ಬರನ್ನೂ ಬಲ್ಲವನು. “ತಪ್ಪು ನಿನ್ನದೇ ಕಣಪ್ಪ, ಹೋಗಿ ತಮ್ಮನನ್ನು ಮಾತನಾಡಿಸು” ಎನ್ನುವ ಧೈರ್ಯ ಅವನಿಗುಂಟು.

ಹಾಗಾದರೆ ಯಂತ್ರದ ಮಾತಿನಿಂದ ಪ್ರಯೋಜನವೇ ಇಲ್ಲವೆ? ಇಲ್ಲದೆ ಏನು! ಮಕ್ಕಳೆಲ್ಲ ಬೆಂಗಳೂರು ಸೇರಿ, ಹಳ್ಳಿಯ ಮನೆಯಲ್ಲಿ ಒಂಟಿಯಾಗಿ ಉಳಿದ ವೃದ್ಧರಿಗೂ, ಯಾರೊಡನೆಯೂ ಹೇಳಲಾರದ ಸಂಕಟವುಳ್ಳ ತರುಣರಿಗೂ, ಅರ್ಧರಾತ್ರಿಯಲ್ಲಿ ಉತ್ತರ ಕೊಡುವ ಒಂದು ದನಿಯು ಸಣ್ಣ ಸಮಾಧಾನವಲ್ಲ. ಅವರನ್ನು ನಗುವ ಹಕ್ಕು ನಮಗಿಲ್ಲ. ಅವರ ಒಲವು ನಿಜವಾದುದೇ. ಆದರೆ ಆ ಒಲವು ಯಾವುದರ ಮೇಲೆ ನಿಂತಿದೆಯೋ ಅದು ಅವರ ಕೈಯಲ್ಲಿಲ್ಲ. 2023ರ ಫೆಬ್ರುವರಿಯಲ್ಲಿ ‘ರೆಪ್ಲಿಕಾ’ ಎಂಬ ಮಾತಿನ ಸಂಗಾತಿಯ ವರ್ತನೆಯನ್ನು ಅದರ ಸಂಸ್ಥೆಯು ಬದಲಿಸಿದಾಗ, ಬಳಸುತ್ತಿದ್ದ ಅನೇಕರು ಆಪ್ತರನ್ನೇ ಕಳೆದುಕೊಂಡವರಂತೆ ದುಃಖಿಸಿದರು. ಅದಲ್ಲದೆ, ಯಂತ್ರಕ್ಕೆ ಹೇಳಿದ ಗುಟ್ಟು ಆಲಿಸುವವನ ಎದೆಯಲ್ಲಿ ಉಳಿಯದೆ ಸಂಸ್ಥೆಯ ಉಗ್ರಾಣವನ್ನು ಸೇರಬಹುದು. ಮನಸ್ಸು ಬಹಳ ನೊಂದಿದ್ದರೆ, 14416 ಎಂಬ ಸಂಖ್ಯೆಗೆ ಕರೆಮಾಡಿ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ ಮನುಷ್ಯರೊಡನೆ, ಕನ್ನಡದಲ್ಲಿಯೇ, ಮಾತನಾಡಬಹುದು. ಈ ಸೇವೆಯನ್ನು ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿತು.

ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಬಿಸಿಲನ್ನೇ ವಿದ್ಯುತ್ತಾಗಿಸುವ ಆ ಫಲಕಗಳ ಸಾಲನ್ನು ಕಂಡವರಿಗೆ ಮನುಷ್ಯನ ಬುದ್ಧಿಯ ಬಗ್ಗೆ ಹೆಮ್ಮೆಯೆನಿಸದಿರದು. ಮಾತನಾಡುವ ಯಂತ್ರಕ್ಕೆ ಬೇಕಾದ ಆಹಾರವೂ ಇಂಥ ವಿದ್ಯುತ್ತೇ. ಒಂದು ಮಾತಿಗೆ ಅದು ವೆಚ್ಚಮಾಡುವುದು ಅಷ್ಟನ್ನು ಮಾತ್ರ. ಜ್ವರ ಬಂದ ರಾತ್ರಿ ನಿದ್ದೆಗೆಟ್ಟು ನಮ್ಮ ತಲೆಯ ಬಳಿ ಕುಳಿತವರು ವೆಚ್ಚಮಾಡುವುದಾದರೋ ತಮ್ಮ ಆಯುಸ್ಸಿನ ಒಂದು ರಾತ್ರಿಯನ್ನು. ಯಂತ್ರದ ಒಳಗೆ ಏನಾದರೂ ಅನುಭವ ಉಂಟೆ ಎಂಬ ಪ್ರಶ್ನೆಯನ್ನು ವಿಜ್ಞಾನವು ಇನ್ನೂ ಬಗೆಹರಿಸಿಲ್ಲ. ಆದರೆ ಆ ಒಂದು ರಾತ್ರಿಯ ಬೆಲೆಯನ್ನು ಅರಿಯಲು ನಾವು ವಿಜ್ಞಾನದ ತೀರ್ಪಿಗಾಗಿ ಕಾಯಬೇಕಾಗಿಲ್ಲ. ಯಂತ್ರದೊಡನೆ ಮಾತನಾಡೋಣ, ಅದರಿಂದ ಕಲಿಯೋಣ, ಮಾತು ಮುಗಿದ ಮೇಲೆ ಕೈಫೋನನ್ನು ಕೆಳಗಿಟ್ಟು, ಪಕ್ಕದ ಮನೆಯ ಜಗಲಿಯ ಮೇಲೆ ಒಂಟಿಯಾಗಿ ಕುಳಿತವರನ್ನು “ಊಟವಾಯಿತೆ?” ಎಂದು ನಾವೇ ಕೇಳೋಣ.